ಸದ್ದು ನಿಂತ ಮಳೆಗಾಲ

ಪುಣೆಯ ಹಿಂಜವಾಡಿಯ ನಮ್ಮ ಕಟ್ಟಡದಲ್ಲಿ ತಿಂಗಳಿಗೊಮ್ಮೆ ಜನರೇಟರನ್ನು ಓಡಿಸಿ ನೋಡುತ್ತಾರೆ. ಅರ್ಧ ತಾಸು ಲೋಡಿನ ಮೇಲೆ ಓಡಿಸಿ, ಆಯಿಲ್ ಒತ್ತಡ, ನೀರಿನ ಬಿಸಿ ಬರೆದುಕೊಂಡು ನಿಲ್ಲಿಸುತ್ತಾರೆ. ಹೋದ ವಾರ ಆ ಹೊತ್ತಿಗೆ ನಾನು ನೆಲಮಾಳಿಗೆಯಲ್ಲೇ ಇದ್ದೆ. ಎಂಜಿನ್ ನಿಂತಿತು. ಗೋಡೆಗಳ ನಡುಕ ಇಳಿದು ಡೀಸೆಲ್ಲಿನ ಬಿಸಿ ವಾಸನೆಯಷ್ಟೇ ಉಳಿಯಿತು. ನೋಡಿದರೆ ನನ್ನ ಕಾಲು ಬಾಗಿಲ ಕಡೆ ತಿರುಗಿತ್ತು, ಕಣ್ಣು ಅಲ್ಲಿದ್ದವರನ್ನು ಎಣಿಸುತ್ತಿತ್ತು. ವಾಚ್‌ಮನ್, ಇಬ್ಬರು ಟೆಕ್ನಿಶಿಯನ್ನರು, ನಾನು. ಯಾರನ್ನಾದರೂ ಹುಡುಕುತ್ತಿದ್ದೀರಾ ಮೇಡಂ ಎಂದು ಅವರಲ್ಲೊಬ್ಬ ಮರಾಠಿಯಲ್ಲಿ ಕೇಳಿದ. ಇಲ್ಲ ಎಂದೆ. ನಾಲ್ಕು ವರ್ಷವಾದರೂ ಇದು ಹೋಗಿಲ್ಲ.

ಆ ವರ್ಷ ನಾನು ಜನರೇಟರ್ ಮಾರುವ ಒಂದು ಡೀಲರ್ ಕಚೇರಿಯಲ್ಲಿದ್ದೆ. ವಿಜಯಪುರದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ ಪುಣೆಗೆ ಬಂದು, ಬಿಬವೇವಾಡಿಯಲ್ಲಿ ಕಾಕಾನ ಮನೆಯಲ್ಲಿದ್ದುಕೊಂಡು ಹಿಡಿದ ಮೊದಲ ಕೆಲಸ. ಗಿರಾಕಿಯ ಜಾಗಕ್ಕೆ ಹೋಗಿ ಮಷೀನುಗಳ ಪಟ್ಟಿ ಮಾಡಬೇಕು. ಎಷ್ಟು ದೊಡ್ಡ ಜನರೇಟರ್ ಬೇಕು, ಎಲ್ಲಿ ಕೂರಿಸಬೇಕು, ಯಾವ ಮೋಟಾರನ್ನು ಮೊದಲು ಚಾಲೂ ಮಾಡಬೇಕು ಎಂದು ಹೇಳಬೇಕು. ಮೇ ತಿಂಗಳ ಕೊನೆಗೆ ಒಂದು ಕಲ್ಲುಗಣಿಯವರು ಕರೆದರು. ಊರಿನ ಪೂರ್ವಕ್ಕೆ, ಹೊಸ ಅಪಾರ್ಟ್‌ಮೆಂಟುಗಳ ಸಾಲು ಮುಗಿಯುವಲ್ಲಿ ಇದ್ದ ಗಣಿ ಅದು. ಕಪ್ಪು ಕಲ್ಲನ್ನು ಸಿಡಿಸಿ, ಕ್ರಷರಿನಲ್ಲಿ ಒಡೆದು ಜಲ್ಲಿ ಮಾಡುತ್ತಿದ್ದರು. ಕೆಲಸದವರಲ್ಲಿ ಮುಕ್ಕಾಲು ಮಂದಿ ಮುದ್ದೇಬಿಹಾಳದ ಕಡೆಯವರು. ಗಣಿಯ ಅಂಚಿಗೆ ಬಂದು ನಿಂತಾಗ ನನ್ನ ಕಿವಿಗೆ ಬಿದ್ದ ಮೊದಲ ಮಾತು ಕನ್ನಡವೇ. ಪುಸ್ತಕ ಹಿಡಿದ ಹುಡುಗಿ ಕಲ್ಲಿಗೆ ಮದುವೆ ಪತ್ರಿಕೆ ಬರೆಯಲು ಬಂದಿದ್ದಾಳೇನೋ ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದಳು. ನನಗೂ ಕನ್ನಡ ಬರುತ್ತದೆ ಎಂದೆ. ಆಕೆ ಸ್ವಲ್ಪವೂ ನಾಚಿಕೊಳ್ಳದೆ, "ಹಂಗಾದ್ರ ನಮಗೂ ಒಂದು ಪತ್ರಿಕೆ ಕೊಡ್ರಿ ಅಕ್ಕಾರ" ಎಂದಳು. ಅವಳೇ ಹಣಮವ್ವ.

ಹಣಮವ್ವನ ಕೆಲಸ ಪಂಪು ನೋಡಿಕೊಳ್ಳುವುದು. ಗಣಿ ಎಂದರೆ ಒಂದು ದೊಡ್ಡ ಗುಂಡಿ, ಐದಾರು ಅಂತಸ್ತಿನ ಮನೆ ಮುಳುಗುವಷ್ಟು ಆಳ. ಅದರ ತಳದ ಒಂದು ಮೂಲೆಯಲ್ಲಿ ಮುಂದೆ ಚಾಚಿದ ಬಂಡೆ, ಅದರ ಕೆಳಗೆ ನೀರು ನಿಲ್ಲುವ ಹೊಂಡ, ಹೊಂಡದಲ್ಲಿ ಮುಳುಗಿದ ಪಂಪು. ಮಳೆಗಾಲದಲ್ಲಿ ಪಂಪು ಒಂದು ದಿನ ನಿಂತರೆ ಗಣಿ ಕೆರೆಯಾಗುತ್ತಿತ್ತು. ಪ್ಲಾಸ್ಟಿಕ್ಕು, ಗುಟ್ಕಾ ಚೀಟಿ, ಕೆಸರು ಬಂದು ಪಂಪಿನ ಜಾಲರಿಗೆ ಮೆತ್ತಿಕೊಂಡರೆ ಮೋಟಾರಿನ ಮೇಲೆ ಭಾರ ಬಿದ್ದು ಅದು ತಾನೇ ನಿಲ್ಲುತ್ತಿತ್ತು. ಆಗ ಹಣಮವ್ವ ಹೊಂಡಕ್ಕಿಳಿದು, ಎದೆಮಟ್ಟದ ನೀರಿನಲ್ಲಿ ನಿಂತು, ಜಾಲರಿ ಬಳಿದು ಬರುತ್ತಿದ್ದಳು.

ಅಲ್ಲಿದ್ದ ಹಳೆಯ ಜನರೇಟರ್ ಗುಂಡಿಯ ಅಂಚಿನಲ್ಲೇ ಒಂದು ತಗಡಿನ ಚಪ್ಪರದ ಕೆಳಗಿತ್ತು. ಮೈಮೇಲೆ ಮುಚ್ಚಿಗೆಯಿಲ್ಲದ ಯಂತ್ರ. ಅದರ ಸದ್ದಿಗೆ ಪಕ್ಕದಲ್ಲಿ ನಿಂತವರೊಂದಿಗೂ ಕೈಸನ್ನೆಯಲ್ಲೇ ಮಾತಾಡಬೇಕಿತ್ತು. ಅಪಾರ್ಟ್‌ಮೆಂಟಿನವರು ಆ ಸದ್ದಿನ ಮೇಲೆ ದೂರು ಕೊಟ್ಟಿದ್ದರು. ಕ್ರಷರಿನ ಧೂಳು ಕುಡಿದು ಅದರ ಎಂಜಿನ್ನೂ ಸವೆದಿತ್ತು. ಹೊಸದನ್ನು ಆರಿಸುವ ಕೆಲಸವನ್ನು ನಾನು ಪರೀಕ್ಷೆ ಬರೆಯುವ ಶ್ರದ್ಧೆಯಿಂದ ಮಾಡಿದೆ. ಮೋಟಾರು ಚಾಲೂ ಆಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಹಾಗಾಗಿ ತೀರ ಸಣ್ಣದು ನಡೆಯುವುದಿಲ್ಲ. ಮಾಲೀಕರಿಗೆ ಎಲ್ಲಕ್ಕಿಂತ ದೊಡ್ಡದೇ ಬೇಕಿತ್ತು. ಅಷ್ಟು ದೊಡ್ಡ ಯಂತ್ರ ಹಗುರ ಕೆಲಸದ ಮೇಲೆ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಹೊಗೆಕೊಳವೆಯಲ್ಲಿ ಕಪ್ಪು ಎಣ್ಣೆಯಾಗಿ ಒಸರುತ್ತದೆ ಎಂದು ಅವರನ್ನು ಒಪ್ಪಿಸಿದೆ. ನೂರಾ ಅರವತ್ತು ಕೆವಿಎ ಸಾಕು, ಮೊದಲು ಕ್ರಷರ್, ಅದು ವೇಗ ಹಿಡಿದ ಮೇಲೆ ಬೆಲ್ಟು, ಕೊನೆಗೆ ಪಂಪು ಎಂದು ಬರೆದುಕೊಟ್ಟೆ. ಪುಣೆಯ ಮಳೆಗಾಳಿ ಪಡುವಣದಿಂದ ಬೀಸುತ್ತದೆ. ಜನರೇಟರನ್ನು ಕ್ರಷರಿನ ಪಡುವಣಕ್ಕೆ ಕೂರಿಸಿದರೆ ಧೂಳು ಅದರತ್ತ ಬರುವುದಿಲ್ಲ. ಅಂದರೆ ಗುಂಡಿಯಿಂದ ದೂರ, ಕ್ರಷರಿನ ಆಚೆ. ಸದ್ದು ಹೊರಗೆ ಬಿಡದ ಮುಚ್ಚಿಗೆ ಬೇರೆ. ಯಾತ್ರಿಕರ ಪಾಲಖಿ ಮೆರವಣಿಗೆ ಪುಣೆಗೆ ಬಂದು ರಸ್ತೆಗಳು ಮುಚ್ಚುವ ವಾರ ಅದು. ಟ್ರೇಲರ್ ಒಂದಿಡೀ ದಿನ ರಸ್ತೆ ತೆರೆಯುವುದನ್ನೇ ಕಾಯುತ್ತ ನಿಂತಿತ್ತು. ಮರುದಿನ ಜನರೇಟರನ್ನು ಇಳಿಸಿ, ಜೋಡಿಸಿ, ಚಾಲೂ ಮಾಡಿದಾಗ ಗುಂಡಿಯ ಅಂಚಿಗೆ ಹೋಗಿ ನಿಂತೆ. ಅದರ ಸದ್ದೇ ಕೇಳಲಿಲ್ಲ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಕಾಕಾನಿಗೆ ಅಲ್ಲಿಂದಲೇ ಫೋನ್ ಮಾಡಿ, ಏನಾದರೂ ಕೇಳುತ್ತದೇನು ಎಂದು ಕೇಳಿದ್ದೆ.

ಜುಲೈ ಕೊನೆಯಲ್ಲಿ ಮೊದಲ ಸರ್ವಿಸಿಗೆ ಹೋದೆ. ಎಂಟು ದಿನದಿಂದ ಬಿಡದ ಮಳೆ, ಅಂದು ಬೆಳಿಗ್ಗೆ ತುಸು ಹೊಳವಾಗಿತ್ತು. ಫಿಲ್ಟರ್ ತೆಗೆದು ನೋಡಿದೆ. ಧೂಳಿಲ್ಲ. ಹೊಗೆ ತಿಳಿಯಾಗಿತ್ತು. ಎಲ್ಲವೂ ನಾನು ಬರೆದುಕೊಟ್ಟಂತೆಯೇ ನಡೆದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಸುರುಂಗ ಹಾರಿಸುವುದಿತ್ತು. ಬಂಡೆಗೆ ರಂಧ್ರ ಕೊರೆದು ಮದ್ದು ತುಂಬಿ ಸಿಡಿಸುವುದಕ್ಕೆ ಅಲ್ಲಿ ಹಾಗೇ ಹೇಳುತ್ತಾರೆ. ಆ ಕೆಲಸ ಗಣಪತ ಮಾಮಾರದು. ಸಾತಾರದ ಕಡೆಯ ವಯಸ್ಸಾದ ಮನುಷ್ಯ. ಮದ್ದಿನ ತಂತಿಗಳಿಗೆ ಎಲ್ಲಿಂದಲಾದರೂ ಕರೆಂಟ್ ಸೋರಿ ಮುಟ್ಟಬಾರದೆಂದು, ತಂತಿ ಜೋಡಿಸುವ ಮೊದಲು ಜನರೇಟರ್ ನಿಲ್ಲಿಸುವುದು ಅವರ ಕಟ್ಟುನಿಟ್ಟು. ಅಂದೂ ನಿಲ್ಲಿಸಿದರು. ರಸ್ತೆಗೆ ಕೆಂಪು ಬಾವುಟದವರನ್ನು ಕಳಿಸಿ, ಅಂಚಿನಲ್ಲಿ ನಿಂತು ಎರಡು ಸಲ ಕೂಗಿ, ಸೀಟಿ ಊದಿ, ತಳ ನೋಡಿದರು. ಖಾಲಿ. ಕೊರೆಯುವವರೆಲ್ಲ ಮೇಲೆ ಬಂದಿದ್ದರು. ನಾವು ಹತ್ತು ಹನ್ನೆರಡು ಮಂದಿ ದೂರದ ಕಾಂಕ್ರೀಟು ಗೋಡೆಯ ಹಿಂದೆ ನಿಂತೆವು. ಮಾಮಾ ಗೋಡೆಯ ತುದಿಯಲ್ಲಿ ಸಿಡಿಸುವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಗೋಡೆಯ ಸಂದಿನಿಂದ ನನಗೆ ಗುಂಡಿಯ ಅಂಚು ಕಾಣುತ್ತಿತ್ತು. ಪಂಪಿನ ನೀರು ಹೊರಗೆ ತರುವ ದಪ್ಪ ಪೈಪು ಅಂಚಿನ ಮೇಲೆ ಹಾವಿನಂತೆ ಬಿದ್ದಿತ್ತು. ಅದು ಅಲುಗಿತು.

ಒಂದು ಸಲ ಅಲುಗಿ ನಿಂತಿತು. ಒಳಗಿನ ನೀರು ಹಿಂದಕ್ಕೆ ಇಳಿಯುತ್ತಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ನಾನು ಈಗಲೂ ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಎರಡು ಉಸಿರುಗಳಲ್ಲಿ. ಪೈಪು ಮತ್ತೆ ಅಲುಗಿತು, ಈ ಸಲ ಯಾರೋ ಕೆಳಗಿನಿಂದ ಹಿಡಿದು ಜಗ್ಗಿದ ಹಾಗೆ. ಕರೆಂಟೇ ಇಲ್ಲದಾಗ ಪಂಪಿನ ಪೈಪಿಗೆ ಅಲುಗಲು ಕಾರಣವಿಲ್ಲ. "ಮಾಮಾ, ಥಾಂಬಾ, ಖಾಲೀ ಕೋಣೀತರೀ ಆಹೆ" ಎಂದೆ, ಕೆಳಗೆ ಯಾರೋ ಇದ್ದಾರೆ, ನಿಲ್ಲಿಸಿ ಎಂದು. ಕೂಗಿದೆನೋ ಬರೀ ಹೇಳಿದೆನೋ ಗೊತ್ತಿಲ್ಲ. ಮಾಮಾರ ಬೆರಳು ಪೆಟ್ಟಿಗೆಯ ಚಾವಿಯ ಮೇಲಿತ್ತು. ಅವರು ತಿರುಗಿ ನನ್ನನ್ನು ನೋಡಿದರು. ಬೆರಳು ತೆಗೆಯಲಿಲ್ಲ, ಆದರೆ ತಿರುಗಿಸಲೂ ಇಲ್ಲ. ಆಮೇಲೆ ಬಹಳ ನಿಧಾನವಾಗಿ, ಮಗುವಿನ ಬಾಯಿಂದ ಏನೋ ತೆಗೆಯುವವರ ಹಾಗೆ, ಚಾವಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದರು.

ಎಲ್ಲರೂ ಅಂಚಿನತ್ತ ನಡೆದೆವು. ನಾವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಹಣಮವ್ವ ಇಳಿಜಾರು ದಾರಿಯನ್ನು ಹತ್ತಿ ಬರುತ್ತಿದ್ದಳು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಕೈಯಲ್ಲಿ ಜಾಲರಿಯಿಂದ ಬಳಿದ ಪ್ಲಾಸ್ಟಿಕ್ಕಿನ ಮುದ್ದೆ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಯಾಕ್ರೀ, ಯಾರರ ಸತ್ತಾರೇನು, ಹಿಂಗ ಸಾಲಾಗಿ ನಿಂತೀರಿ?"

ಆಗ ಅವಳ ಕಣ್ಣು ಬಂಡೆಯ ಮೇಲಿನ ಕೆಂಪು ಹಳದಿ ತಂತಿಗಳ ಮೇಲೆ ಬಿತ್ತು. ಪ್ಲಾಸ್ಟಿಕ್ಕಿನ ಮುದ್ದೆಯನ್ನು ಕೆಳಗಿಟ್ಟು, ಅಲ್ಲೇ ಕೂತಳು.

ತುಂಬಿದ ಮದ್ದನ್ನು ಹಾಗೇ ಬಿಡುವಂತಿಲ್ಲ. ಒಂದು ತಾಸಿನ ಮೇಲೆ, ಮಾಮಾ ತಾವೇ ತಳಕ್ಕಿಳಿದು ಮೂಲೆ ಮೂಲೆಯನ್ನೂ ಕೈಯಿಂದ ಮುಟ್ಟಿ ನೋಡಿ ಬಂದು, ಸುರುಂಗ ಹಾರಿಸಿದರು. ಹಣಮವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಧೂಳು ಇಳಿದ ಮೇಲೆ ಹೋಗಿ ನೋಡಿದರೆ, ಹೊಂಡಕ್ಕೆ ಇಳಿಯುವ ಮೆಟ್ಟಿಲ ಮೇಲೆ ಕೊಡದಷ್ಟು ದೊಡ್ಡ ಕಲ್ಲು ಬಂದು ಕೂತಿತ್ತು. ಅವಳು ಅದನ್ನು ಕಾಲಿನಿಂದ ನೂಕಿ ನೋಡಿದಳು. ಅದು ಅಲುಗಲಿಲ್ಲ.

ಆಗ ಅವಳು ಹೇಳಿದ್ದು ನನ್ನ ಓದಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಕ್ರಷರಿನ ಮೇಲೆ ಒಂದು ಕರೆಂಟಿನ ಸೈರನ್ ಇತ್ತಂತೆ, ಸುಟ್ಟು ಎರಡು ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸಿರೆಂದು ಯಾರೂ ಕೇಳಿರಲಿಲ್ಲ, ಏಕೆಂದರೆ ಯಾರಿಗೂ ಬೇಕಿರಲಿಲ್ಲ. ಹಳೆಯ ಜನರೇಟರಿನ ಸದ್ದೇ ಅವರಿಗೆ ಸೈರನ್ನು. ಪಂಪು ನಿಂತು, ಮೇಲೆ ಜನರೇಟರ್ ಇನ್ನೂ ಗುಡುಗುತ್ತಿದ್ದರೆ ಜಾಲರಿ ಕಟ್ಟಿದೆ ಎಂದರ್ಥ, ಹೊಂಡಕ್ಕಿಳಿಯಬೇಕು. ಪಂಪೂ ನಿಂತು ಜನರೇಟರೂ ನಿಂತರೆ ಸುರುಂಗ, ಮೇಲೆ ಓಡಬೇಕು. ಕ್ರಷರ್ ಕಲ್ಲು ಸಿಕ್ಕಿಕೊಂಡು ಆಗಾಗ ನಿಲ್ಲುತ್ತಿದ್ದುದರಿಂದ ಅದರ ಸದ್ದನ್ನು ನಂಬುವಂತಿರಲಿಲ್ಲ. ಚಾಚಿದ ಬಂಡೆಯ ಕೆಳಗೆ ಮಾಮಾರ ಕೂಗೂ ಸೀಟಿಯೂ ಎಂದೂ ಮುಟ್ಟುತ್ತಿರಲಿಲ್ಲ. ಹೊಸದು ಬಂದ ಮೇಲೆ ಹಾರಿಸಿದ ಸುರುಂಗಗಳ ಹೊತ್ತಿಗೆ ಅವಳು ಹೇಗೋ ಮೇಲೆಯೇ ಇದ್ದಳು, ಮಳೆ ಇನ್ನೂ ಜೋರಾಗಿರಲಿಲ್ಲ. ಇಂದು ಬಂಡೆಯ ಕೆಳಗಿದ್ದಾಗ ಪಂಪು ನಿಂತಿತು, ಜಾಲರಿ ಕಟ್ಟಿರಬೇಕೆಂದು ಹೊಂಡಕ್ಕಿಳಿದಳು. ಅಂದರೆ ಓಡಿ ಬರಬೇಕಾದ ಹೊತ್ತಿನಲ್ಲೇ ಅವಳು ಕೆಳಗೆ ಹೋದಳು.

ಮೇ ತಿಂಗಳಲ್ಲೇ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇದ್ದಿರಬೇಕು.

"ಈ ಮಷೀನ್ ಮ್ಯಾಲೆ ಏನೇನು ನಡೀತದ ಅಂತ ಕೇಳಿದ್ರಿ," ಎಂದಳು. "ಕ್ರಷರ್ ಅಂದ್ವಿ, ಬೆಲ್ಟ್ ಅಂದ್ವಿ, ಪಂಪ್ ಅಂದ್ವಿ. ನಾವೂ ಅದರ ಮ್ಯಾಲೇ ನಡೀತೀವಿ ಅಂತ ಹೇಳೂದು ನಮಗರ ಎಲ್ಲಿ ತಿಳೀಬೇಕ್ರಿ?"

ಸರ್ವಿಸ್ ವರದಿಯ ಕೊನೆಯ ಖಾನೆಯಲ್ಲಿ, ಈ ಯಂತ್ರ ನಿಂತದ್ದು ಗುಂಡಿಯ ತಳಕ್ಕೆ ತಿಳಿಯುವುದಿಲ್ಲ, ಬೇರೆ ಎಚ್ಚರಿಕೆ ಆಗುವವರೆಗೆ ಸುರುಂಗ ಹಾರಿಸಬಾರದು ಎಂದು ಬರೆದೆ. ಕಚೇರಿಯಲ್ಲಿ ಮ್ಯಾನೇಜರು ಅದನ್ನು ಎರಡು ಸಲ ಓದಿದರು. ಜನರೇಟರಿನಿಂದ ವೈರು ಹೊರಡುವಲ್ಲಿಗೆ ನಮ್ಮ ಕೆಲಸ ಮುಗಿಯುತ್ತದೆ, ಆಚೆಗಿನದು ಗಿರಾಕಿಯದು, ಇದನ್ನು ಬರೆದರೆ ತಪ್ಪನ್ನು ನಾವೇ ಮೈಮೇಲೆ ಎಳೆದುಕೊಂಡಂತೆ ಎಂದರು. ಕೆಟ್ಟ ಮನುಷ್ಯರಲ್ಲ, ಆ ಮಾತು ಸುಳ್ಳೂ ಅಲ್ಲ. ಆದರೂ ಅದನ್ನು ಅಳಿಸುವುದು ನನ್ನಿಂದಾಗಲಿಲ್ಲ. ಆ ರಾತ್ರಿ ಊಟವನ್ನು ಅರ್ಧಕ್ಕೇ ಬಿಟ್ಟೆದ್ದೆ. ಕಾಕಾ ಟಿ.ವಿ. ಸದ್ದು ತಗ್ಗಿಸಿದರು. ನಾನು ಅವರಿಗೆ ಜೋರು ಮಾಡಿ ಎಂದೆ.

ಗಣಿಯ ಮಾಲೀಕರು ಸುರುಂಗ ನಿಲ್ಲಿಸಿದರು, ಅಷ್ಟು ಹೇಳಲೇಬೇಕು. ಅವರೂ ಹೆದರಿದ್ದರು. ಆದರೆ ಕಲ್ಲಿಲ್ಲದೆ ಕ್ರಷರ್ ಎಷ್ಟು ದಿನ ನಡೆದೀತು? ಒಂದು ವಾರದೊಳಗೆ ಏನಾದರೂ ಆಗಬೇಕೆಂದರು. ಮುಚ್ಚಿಗೆಯ ಬಾಗಿಲುಗಳನ್ನು ತೆರೆದಿಟ್ಟು ಓಡಿಸಿದರೆ ಸದ್ದು ಬರುವುದಿಲ್ಲವೇ ಎಂಬುದು ಅವರ ಮೊದಲ ಉಪಾಯ. ಬಾಗಿಲು ತೆರೆದರೆ ಗಾಳಿಯ ದಾರಿ ತಪ್ಪಿ ಎಂಜಿನ್ ಕಾಯುತ್ತದೆ ಎಂದೆ. ಹಳೆಯ ಜನರೇಟರನ್ನೇ ತಂದು ಕೂರಿಸಿ ಎಂಬುದು ಕೆಲಸದವರ ಉಪಾಯ. ಅದು ಗುಜರಿಗೆ ಹೋಗಿ ಆಗಿತ್ತು.

ನನ್ನದೂ ಒಂದು ಉಪಾಯವಿತ್ತು. ರವಿವಾರ ನನ್ನ ಸ್ವಂತ ಹೊತ್ತಿನಲ್ಲಿ ಹೋಗಿ, ನಾಲ್ಕು ಮಂದಿಯ ಮುಂದೆ ಚಿತ್ರ ಬರೆದು ತೋರಿಸಿದೆ. ಜನರೇಟರ್ ನಿಂತ ಕೂಡಲೆ ಅದರದೇ ಬ್ಯಾಟರಿಯಿಂದ ಹೊಂಡದ ಪಕ್ಕದಲ್ಲಿ ತಾನಾಗಿ ಕೂಗುವ ಹೂಟರ್. ಮಾಮಾ ತಲೆದೂಗಿದರು. ಹಣಮವ್ವ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಜನರೇಟರ್ ಸುರುಂಗಕ್ಕೆ ಮಾತ್ರ ನಿಲ್ಲುತ್ತದೇನು ಎಂದು ಕೇಳಿದಳು. ಡೀಸೆಲ್ ತೀರಿದಾಗ, ಬೆಲ್ಟು ಸಿಕ್ಕಿಕೊಂಡಾಗ, ಆಯಿಲ್ ಹಾಕುವಾಗಲೂ ನಿಲ್ಲುತ್ತದೆ. ಪ್ರತಿ ಸಲ ಕೂಗಿದರೆ ಪ್ರತಿ ಸಲ ಹತ್ತಬೇಕು. ನಾಲ್ಕು ಸಲ ಸುಳ್ಳಿಗೆ ಹತ್ತಿದವರು ಐದನೆಯ ಸಲ ಹತ್ತುವುದಿಲ್ಲ. ಅಲ್ಲದೆ, ಕೂಗು ಕೇಳಿ ಎಲ್ಲರೂ ಬಂದರೋ ಇಲ್ಲವೋ ಎಂಬುದು ಚಾವಿ ಹಿಡಿದವರಿಗೆ ಹೇಗೆ ಗೊತ್ತಾಗಬೇಕು? ಕಾಲೇಜಿನ ಮೌಖಿಕ ಪರೀಕ್ಷೆಯಲ್ಲೂ ನನ್ನನ್ನು ಯಾರೂ ಹಾಗೆ ಮೂಲೆಗೆ ತಳ್ಳಿರಲಿಲ್ಲ.

ಉತ್ತರ ಅವಳ ಬಳಿಯೇ ಇತ್ತು. ಅಲ್ಲಿ ಎಲ್ಲರೂ ಬೆಳಿಗ್ಗೆ ರೊಟ್ಟಿಯ ಬುತ್ತಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಿದ್ದರು. ಕೆಳಗೆ ಕೊಂಡೊಯ್ದು, ತಾವು ಕೆಲಸ ಮಾಡುವಲ್ಲಿ ಯಾವುದೋ ಕಲ್ಲಿನ ನೆರಳಿಗೆ ಇಟ್ಟುಕೊಳ್ಳುವುದು ರೂಢಿ. ಇನ್ನು ಮೇಲೆ ಬುತ್ತಿ ಕೆಳಗೆ ಹೋಗಕೂಡದು ಎಂದಳು. ಇಳಿಜಾರಿನ ತಲೆಯಲ್ಲಿ ಒಂದು ಕಬ್ಬಿಣದ ಗಳ ಕಟ್ಟಿರಿ. ಇಳಿಯುವವರೆಲ್ಲ ಬುತ್ತಿಯನ್ನು ಅಲ್ಲಿ ತೂಗುಹಾಕಬೇಕು, ಮೇಲೆ ಬಂದವರು ತಮ್ಮದನ್ನು ತಾವೇ ಬಿಚ್ಚಿಕೊಳ್ಳಬೇಕು. ಗಳದ ಮೇಲೆ ಒಂದು ಗಂಟು ಉಳಿದರೂ ಚಾವಿ ಇಲ್ಲ. ಸುರುಂಗ ಆಗುವವರೆಗೆ ಯಾರಿಗೂ ಊಟ ಇಲ್ಲ.

ಯಾರಾದರೂ ಎಣಿಸಲು ಮರೆತರೆ ಎಂದು ಮಾಲೀಕರು ಕೇಳಿದರು.

"ಹಸಿದ ಮಂದಿ ಅದನ್ನ ಮರೀಯಂಗಿಲ್ಲ ತಗೋರಿ," ಎಂದಳು.

ನನ್ನ ಹೂಟರಿನ ಉಪಾಯಕ್ಕೂ ಒಂದಿಷ್ಟು ಜಾಗ ಸಿಕ್ಕಿತು. ಆದರೆ ಅದು ತಾನಾಗಿ ಕೂಗುವುದು ಬೇಡವೆಂದಾಯಿತು. ಅದರ ಬದಲು ಕೈಯಿಂದ ತಿರುಗಿಸುವ ಸೈರನ್ ತಂದೆವು. ಅದಕ್ಕೆ ಕರೆಂಟ್ ಬೇಡ. ಚಾಚಿದ ಬಂಡೆಯ ಕೆಳಗೆ ಹಣಮವ್ವ ನಿಂತು, ಮೇಲಿನಿಂದ ಮಾಮಾ ತಿರುಗಿಸಿ, ಎಲ್ಲಿಟ್ಟರೆ ಕೇಳುತ್ತದೆ ಎಂದು ಅರ್ಧ ದಿನ ಹುಡುಕಿದೆವು. ಪಂಪಿನ ಪಕ್ಕದಲ್ಲಿ ಒಂದು ದೀಪವನ್ನೂ ಹಾಕಿಸಿದೆ. ಜನರೇಟರಿನ ಕರೆಂಟ್ ಇರುವವರೆಗೆ ಅದು ಉರಿಯುತ್ತದೆ. ಪಂಪು ನಿಂತಾಗ ದೀಪ ಉರಿಯುತ್ತಿದ್ದರೆ ಜಾಲರಿ, ಆರಿದ್ದರೆ ಹೊಂಡಕ್ಕಿಳಿಯುವಂತಿಲ್ಲ, ಸೈರನ್ ಕೂಗಿದರೆ ಮೇಲೆ ಹತ್ತುವುದು. ಮ್ಯಾನೇಜರಿಗೆ ಇದನ್ನೆಲ್ಲ ಹೇಳಿದಾಗ ಅವರು ನನ್ನ ವರದಿಯನ್ನು ಹಾಗೇ ಕಡತಕ್ಕೆ ಸೇರಿಸಿದರು. ಆಮೇಲೆ ಯಾವ ಗಣಿಗೆ ಕಳಿಸುವಾಗಲೂ, ಹಳೆಯದು ನಿಂತಾಗ ಅಲ್ಲಿ ಯಾರು ಏನು ಮಾಡುತ್ತಾರೆ ಎಂದು ಕೇಳಿಕೊಂಡು ಬಾ ಎನ್ನುವರು.

ಹೊಸ ಕಟ್ಟಳೆಯ ಮೊದಲ ಸುರುಂಗ ಶ್ರಾವಣದಲ್ಲಿ ಆಯಿತು. ಬಿಸಿಲೂ ತುಂತುರೂ ಒಟ್ಟಿಗೇ ಇದ್ದ ದಿನ. ನಾನು ಬೆಳಿಗ್ಗೆಯೇ ಹೋಗಿದ್ದೆ, ದೀಪದ ವೈರನ್ನು ನೋಡಬೇಕಿತ್ತು. ಇಳಿಯಲು ಹೊರಟವಳನ್ನು ಹಣಮವ್ವ ತಡೆದು ನನ್ನ ಬುತ್ತಿ ಕೇಳಿದಳು. ನನ್ನದು ಕಾಕಾನ ಹೆಂಡತಿ ಕಾಕೂ ಕಟ್ಟಿಕೊಟ್ಟ ಸ್ಟೀಲಿನ ಡಬ್ಬಿ, ಗಳಕ್ಕೆ ತೂಗುವಂಥದ್ದಲ್ಲ. ನಾನು ಕೆಲಸದವಳಲ್ಲವಲ್ಲ, ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದೆ. ಕಲ್ಲಿಗೆ ಅದೆಲ್ಲ ತಿಳಿಯುತ್ತದೇನು ಎನ್ನುತ್ತ ಅವಳು ಡಬ್ಬಿಯನ್ನು ಕಸಿದುಕೊಂಡು, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಉಳಿದವುಗಳ ಜೊತೆಗೆ ಕಟ್ಟಿದಳು.

ದೀಪದ ಕೆಲಸ ಹತ್ತು ನಿಮಿಷಕ್ಕೆ ಮುಗಿಯಲಿಲ್ಲ. ಮುಗಿಸಿ, ಜನರೇಟರಿನ ಕಡೆಗೆ ಹತ್ತಿರವೆಂದು ಪಡುವಣದ ಕಬ್ಬಿಣದ ಏಣಿ ಹತ್ತಿ ಮೇಲೆ ಹೋದೆ. ಅಲ್ಲಿ ಹಿಂಬದಿಯಲ್ಲಿ ನಿಂತು ಮೀಟರುಗಳನ್ನು ಬರೆದುಕೊಳ್ಳುತ್ತಿರುವಾಗ ಯಾರೋ ನನ್ನನ್ನು ಗಮನಿಸದೆ ಜನರೇಟರ್ ನಿಲ್ಲಿಸಿದರು. ಆಮೇಲೆ ಸೈರನ್ ಕೂಗಿತು. ಕ್ರಷರನ್ನು ಸುತ್ತಿಕೊಂಡು ಬರುವಷ್ಟರಲ್ಲಿ ಆಚೆ ದಡದಲ್ಲಿ ಗದ್ದಲ. ಎಲ್ಲರ ಕೈಯಲ್ಲೂ ಬುತ್ತಿ, ಗಳದ ಮೇಲೆ ಒಂದು ಉಳಿದಿದೆ. ಮಾಮಾ ಚಾವಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಪೆಟ್ಟಿಗೆಯಿಂದ ದೂರ ಬಂದು ನಿಂತಿದ್ದರು. ಮಾಲೀಕರು ಗಡಿಯಾರ ನೋಡುತ್ತಿದ್ದರು. ನಾನು ಮತ್ತೆ ಆ ಎರಡು ಉಸಿರುಗಳಲ್ಲಿದ್ದೆ. ಗುಂಪಿನಲ್ಲಿ ಹಣಮವ್ವ ಕಾಣಲಿಲ್ಲ. ಅಂಚಿಗೆ ಓಡಿ, ಬಗ್ಗಿ, ಇದ್ದ ದನಿಯನ್ನೆಲ್ಲ ಕೂಡಿಸಿ ಅವಳ ಹೆಸರು ಹಿಡಿದು ಕೂಗಿದೆ. ಕೂಗುತ್ತಲೇ ಇದ್ದೆ.

ಚಾಚಿದ ಬಂಡೆಯ ಕೆಳಗಿನಿಂದ ಅವಳು ಹೊರಗೆ ಬಂದಳು. ಮಂಡಿಯವರೆಗೆ ನೀರು. ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿ ನನ್ನನ್ನು ನೋಡಿದಳು.

"ಅಕ್ಕಾರ, ನಿಮ್ಮನ್ನ ಹುಡುಕ್ಲಿಕ್ಕೆ ನಾ ಇಲ್ಲಿ ಹೊಂಡದಾಗ ಇಳದೀನಿ. ನೀವು ಮ್ಯಾಲೆ ನಿಂತು ನನ್ನ ಕರೀತೀರಿ?"

ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಗಳದ ಮೇಲೆ ಉಳಿದಿದ್ದ ಗಂಟನ್ನು ಅವಳೇ ಕಟ್ಟಿದ್ದಳು. ಅದು ಯಾರದೆಂದು ಗೊತ್ತಿದ್ದವಳು ಅವಳೊಬ್ಬಳೇ. ನನ್ನನ್ನು ಕೊನೆಗೆ ಕಂಡದ್ದು ಪಂಪಿನ ಹತ್ತಿರ, ಹಾಗಾಗಿ ಯಾರಿಗೂ ಹೇಳಲು ನಿಲ್ಲದೆ ನೇರ ಅಲ್ಲಿಗೇ ಓಡಿದ್ದಳು. ಹಸಿದು ನಿಂತಿದ್ದ ಇಪ್ಪತ್ತು ಮಂದಿ ಕಾಯುತ್ತಿದ್ದದ್ದು ನನ್ನನ್ನು.

ಅವಳು ಹತ್ತಿ ಬರುವವರೆಗೆ ನಗು ನಿಲ್ಲಲಿಲ್ಲ. ಮಾಲೀಕರೂ ನಕ್ಕರು. ನಾನೂ ನಕ್ಕೆ, ಕಣ್ಣು ಒರೆಸಿಕೊಳ್ಳುತ್ತ. ಗಣಪತ ಮಾಮಾ ಒಬ್ಬರೇ ನಗಲಿಲ್ಲ. ಗಳದ ಹತ್ತಿರ ಹೋಗಿ, ತುಂತುರಿನಲ್ಲಿ ತೊಯ್ದು ಬಿಗಿದಿದ್ದ ಗಂಟನ್ನು ಬಿಡಿಸಿ, ನಾನಿದ್ದಲ್ಲಿಗೆ ತಂದರು. ನಾನದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದನ್ನು ನೋಡಿದ ಮೇಲೆಯೇ ಅವರು ಜೇಬಿನಿಂದ ಚಾವಿ ತೆಗೆದರು.